ಮುತ್ಲಾ ಗುಡ್ಡದ ಸಿಸ್ಟರ್

ಕುವೈತಿನಲ್ಲಿ ಗುಡ್ಡ ಉಂಟು ಎಂದು ನನಗೆ ಮೊದಲು ಹೇಳಿದವರು ಸಿಸ್ಟರ್. ಹೇಳಿದ್ದು ನಮ್ಮ ಕಟ್ಟಡದ ಲಿಫ್ಟಿನಲ್ಲಿ.

ಮದುವೆಯಾಗಿ ಮೈದಾನ್ ಹವಲ್ಲಿಗೆ ಬಂದ ಹೊಸತು. ಸಂಜೆ ಹೊತ್ತು ಮೊಸರು ತರಲೆಂದು ಕೆಳಗಿಳಿಯುತ್ತಿದ್ದೆ. ದಾವಣಗೆರೆಯಲ್ಲಿದ್ದ ಅಮ್ಮ ಫೋನಿನಲ್ಲಿದ್ದಳು. ನಡುವೆ ಲಿಫ್ಟು ನಿಂತು ಬಿಳಿ ಸಮವಸ್ತ್ರ ತೊಟ್ಟ ಗಿಡ್ಡ ಹೆಂಗಸೊಬ್ಬರು ಒಳಗೆ ಬಂದರು. ಒಂದು ಕೈಯಲ್ಲಿ ಊಟದ ಬುತ್ತಿಯ ಚೀಲ, ಇನ್ನೊಂದರಲ್ಲಿ ಉದ್ದ ಹಿಡಿಯ ಸಲಿಕೆ. ನಾನು ಮಾತು ನಿಲ್ಲಿಸಿ ಸಲಿಕೆಯನ್ನೇ ನೋಡಿದೆ. ಅವರು ನನ್ನ ಕನ್ನಡ ಕೇಳಿಸಿಕೊಂಡಿದ್ದರು.

"ಎಂತ ನೋಡ್ತೀರಿ? ಹೆಣ ಹುಗೀಲಿಕ್ಕೆ ಅಲ್ಲ ಮಾರಾಯ್ತಿ. ಗಾಡಿ ತೆಗೀಲಿಕ್ಕೆ. ನಾಡಿದ್ದು ಗುಡ್ಡಕ್ಕೆ ಹೋಗ್ಲಿಕ್ಕುಂಟು."

"ಇಲ್ಲಿ ಗುಡ್ಡ ಎಲ್ಲಿದೆ?" ಎಂದೆ.

"ಇದ್ದದ್ದರಲ್ಲಿ ಒಂದುಂಟು. ಬರ್ತೀರಾ?"

ಅಷ್ಟರಲ್ಲಿ ಲಿಫ್ಟು ಕೆಳಗೆ ಮುಟ್ಟಿತ್ತು. ಸಲಿಕೆಯನ್ನು ಹೆಗಲಿಗೇರಿಸಿಕೊಂಡು, ಕಟ್ಟಡ ಕಾಯುವವನಿಗೆ ಅರಬಿಯಲ್ಲಿ ಏನೋ ಗದರಿಸಿ, ಅವನನ್ನು ನಗಿಸಿ, ಹೊರಟುಹೋದರು.

ಅವರಿಗೆ ಚೆಂದದ ಹೆಸರೊಂದಿದೆ. ಕೆಲವು ತಿಂಗಳ ಹಿಂದೆ ನಿವೃತ್ತರಾಗಿ ಶಿರ್ವದ ಕಡೆಯ ತಮ್ಮ ಊರಿಗೆ ಮರಳಿದ್ದಾರೆ. ನಾನು ಇದನ್ನು ಬರೆಯುವ ಸುದ್ದಿ ತಿಳಿದ ಕೂಡಲೇ ಫೋನು ಮಾಡಿ, "ಹೆಸರು ಹಾಕ್ಬೇಡ ಮಾರಾಯ್ತಿ, ಇಗರ್ಜಿಯವರೆಲ್ಲ ಓದ್ತಾರೆ" ಎಂದರು. ಹಾಕಬೇಕಾದ ಅಗತ್ಯವೂ ಇಲ್ಲ. ಜಹ್ರಾದ ಕ್ಲಿನಿಕ್ಕಿನಲ್ಲಿ ಅವರಿಂದ ಸೂಜಿ ಚುಚ್ಚಿಸಿಕೊಂಡ ಮಕ್ಕಳಿಂದ ಹಿಡಿದು ನಮ್ಮ ಕಟ್ಟಡದ ಮುದುಕರವರೆಗೆ ಎಲ್ಲರಿಗೂ ಅವರು ಸಿಸ್ಟರ್. ಅವರ ಗಂಡ ಕೂಡ ಅವರನ್ನು ಕರೆಯುವುದು ಹಾಗೆಯೇ. ಮೊದಲ ಸಲ ಅದನ್ನು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. "ಸಿಸ್ಟರ್, ನನ್ನ ಕನ್ನಡಕ ಎಲ್ಲಿಟ್ಟಿದ್ದೀ?" ಎಂದು ಒಬ್ಬ ಗಂಡ ಹೆಂಡತಿಯನ್ನು ಕೇಳುವುದು ನಮ್ಮ ಕಡೆ ನಡೆಯುವ ಸಂಗತಿಯಲ್ಲ.

ಗುಡ್ಡವೆಂದರೆ ಮುತ್ಲಾ. ಜಹ್ರಾ ದಾಟಿ ಉತ್ತರಕ್ಕೆ ಹೋದರೆ, ಚಪ್ಪಟೆಯಾಗಿ ಬಿದ್ದುಕೊಂಡಿರುವ ಮರುಭೂಮಿ ಒಮ್ಮೆಲೆ ಎದ್ದು ನಿಂತಂತೆ ಒಂದು ಏಣು ಕಾಣುತ್ತದೆ. ಘಟ್ಟ ಹತ್ತಿ ಇಳಿದು ಬೆಳೆದ ನನ್ನ ಗಂಡ ಉಡುಪಿಯವರು. ಅವರು ಅದನ್ನು ದಿಣ್ಣೆ ಎನ್ನುತ್ತಿದ್ದರು. ಬಯಲುಸೀಮೆಯ ನನಗೆ ಅದು ಬೆಟ್ಟವೇ. ಆದರೆ ಅದರ ಬೆನ್ನು ಹತ್ತಿ ಅಂಚಿಗೆ ಬಂದು ನಿಂತವರು ಯಾರೂ ಅದನ್ನು ಹಗುರಾಗಿ ಮಾತಾಡುವುದಿಲ್ಲ. ಅಲ್ಲಿ ನೆಲ ತಟ್ಟನೆ ಕಡಿದು ಬಿದ್ದಿರುತ್ತದೆ. ಮಳೆನೀರು ಕೊರೆದ ಇಕ್ಕಟ್ಟಾದ ಕಂದಕಗಳು ಕೆಳಗಿನವರೆಗೆ ಇಳಿಯುತ್ತವೆ. ದೂರದಲ್ಲಿ ಕೊಲ್ಲಿಯ ನೀರು ತವರದ ತಗಡಿನ ಹಾಗೆ ಹೊಳೆಯುತ್ತಿರುತ್ತದೆ.

ಸಿಸ್ಟರದ್ದು ಶುಕ್ರವಾರ ಇಗರ್ಜಿ, ಶನಿವಾರ ಗುಡ್ಡ. ಚಳಿಗಾಲ ಹಿಡಿಯಿತೆಂದರೆ ಈ ಕ್ರಮ ತಪ್ಪುತ್ತಿರಲಿಲ್ಲ. ನಮ್ಮ ಕರಾವಳಿಯವರ ಐದಾರು ಗಾಡಿಗಳು, ಎಲ್ಲಕ್ಕಿಂತ ಮುಂದೆ ಅವರ ಹಳೆಯ ಬಿಳಿ ಫೋರ್ ವೀಲ್. ಸ್ಟಿಯರಿಂಗಿನ ಮೇಲಿಂದ ಅವರ ತಲೆ ಕಾಣಿಸಲೆಂದು ಸೀಟಿನ ಮೇಲೊಂದು ದಿಂಬು. ಪಕ್ಕದಲ್ಲಿ ಕಣ್ಣು ಮುಚ್ಚಿ, ಕೈಗೆ ಜಪಸರ ಸುತ್ತಿಕೊಂಡು ಅಂಕಲ್. ಅಂಕಲ್ ಎಂದರೆ ಅವರ ಗಂಡ. ಅಡುಗೆಯಲ್ಲಿ ಎತ್ತಿದ ಕೈ. ಅವರು ಮುಂಜಾನೆ ಎದ್ದು ಮಾಡಿದ ಇಡ್ಲಿಯಂಥ ಸನ್ನಾ ಮತ್ತು ಕೋಳಿ ಸುಕ್ಕದ ಆಸೆಗೇ ನಮ್ಮಲ್ಲಿ ಅರ್ಧ ಜನ ಬರುತ್ತಿದ್ದರು ಎಂದರೆ ತಪ್ಪಾಗದು. ಕಡಿದಾದ ಕಡೆಯೆಲ್ಲ ಅಂಕಲ್ ಕಣ್ಣು ಬಿಡುತ್ತಿರಲಿಲ್ಲ. ಗಾಡಿ ಸಮತಟ್ಟಿಗೆ ಬಂದ ಮೇಲೆ, "ಇಳಿದಾಯ್ತಾ?" ಎಂದು ಕೇಳಿ, ಆಮೇಲೆ ಒಂದೇ ಕಣ್ಣು ತೆರೆಯುತ್ತಿದ್ದರು.

ಇಳಿಜಾರು ಎದುರಾದರೆ ಸಿಸ್ಟರ್ ಗಾಡಿ ನಿಲ್ಲಿಸಿ ಇಳಿಯುತ್ತಿದ್ದರು. ಆಸ್ಪತ್ರೆಯ ಬಿಳಿ ಶೂಗಳಲ್ಲೇ ದಾರಿಯುದ್ದಕ್ಕೂ ನಡೆದು, ಕಲ್ಲುಗಳನ್ನು ಒದ್ದು ನೋಡಿ, ಸಡಿಲವಾದದ್ದನ್ನು ಪಕ್ಕಕ್ಕೆ ಉರುಳಿಸಿ, ಉಸಿರು ಬಿಡುತ್ತಾ ಮತ್ತೆ ಮೇಲೆ ಬರುತ್ತಿದ್ದರು. "ಕಾಲಿಗೆ ಗೊತ್ತಾಗದ ದಾರಿ ಚಕ್ರಕ್ಕೆ ಗೊತ್ತಾಗುದಿಲ್ಲ" ಎನ್ನುವರು. ಹಳೆಯ ಚಕ್ರದ ಗುರುತು ಬಿಟ್ಟು ಆಚೀಚೆ ಹೋಗಲು ಯಾರಿಗೂ ಬಿಡುತ್ತಿರಲಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷವಾದರೂ ಮರಳಿನಡಿಯಲ್ಲಿ ಸಿಡಿಯದೆ ಉಳಿದದ್ದು ಏನಿದೆಯೋ ಹೇಳಲಾಗದು. ಹೊಳೆಯುವ ಕಬ್ಬಿಣದ ಚೂರಿನ ಕಡೆಗೆ ಯಾರಾದರೂ ಬಗ್ಗಿದರೆ ಸಾಕು, "ಏಯ್!" ಎಂಬ ಒಂದು ಕೂಗಿಗೆ ಬಗ್ಗಿದವರು ಅಲ್ಲೇ ಕಲ್ಲಾಗುತ್ತಿದ್ದರು.

ಒಮ್ಮೆ ನಮ್ಮ ಶೆಟ್ಟರ ಗಾಡಿ ಮರಳಿನಲ್ಲಿ ಹೊಟ್ಟೆಯವರೆಗೆ ಹೂತು ಕೂತಿತು. ಶೆಟ್ಟರೆಂದರೆ ಫರ್ವಾನಿಯಾದಲ್ಲಿ ಹೋಟೆಲು ನಡೆಸುವವರು, ಆಳು ಆರಡಿ, ದನಿ ಅದಕ್ಕಿಂತ ದೊಡ್ಡದು. ನಾವೆಲ್ಲ ಮರಳು ತೋಡುತ್ತಿದ್ದಾಗ ಕುವೈತಿ ಯುವಕರ ಗುಂಪೊಂದು ಭರ್ಜರಿ ಗಾಡಿಗಳಲ್ಲಿ ಬಂದು, ನಮ್ಮ ಸುತ್ತ ಒಂದು ಸುತ್ತು ಹಾಕಿ, ಧೂಳೆಬ್ಬಿಸಿ, ನಗುತ್ತಾ ಹೋಯಿತು. ಶೆಟ್ಟರಿಗೆ ಅವಮಾನವಾಯಿತು. ಸಿಸ್ಟರ್ ಮಾತ್ರ ಅವರು ಹೋದ ದಿಕ್ಕನ್ನೇ ನೋಡುತ್ತಾ, "ಆ ಕಡೆ ಹೋದ್ರಾ? ನಿನ್ನೆ ಮೊನ್ನೆಯ ಮಳೆ ನೀರು ಅಲ್ಲೇ ನಿಂತಿರ್ತದೆ" ಎಂದರು.

ನಾವು ಗಾಡಿ ತೆಗೆದು ಆ ದಾರಿಯಲ್ಲಿ ಬರುವಾಗ ಆ ಯುವಕರ ಗಾಡಿಯೊಂದು ಕೆಸರಿನಲ್ಲಿ ಬಾಗಿಲಿನವರೆಗೆ ಇಳಿದಿತ್ತು. ಶೆಟ್ಟರು ಹಾರ್ನ್ ಹೊಡೆದು ಮುಂದೆ ಹೋಗೋಣವೆಂದರು. ಸಿಸ್ಟರ್ ಹಗ್ಗ ಹಿಡಿದುಕೊಂಡು ಇಳಿದರು. ಗಡ್ಡ ಬಿಟ್ಟ ದೈತ್ಯನಂಥ ಹುಡುಗನೊಬ್ಬ ಅವರ ಬಳಿ ಬಂದವನು ಎರಡು ಹೆಜ್ಜೆ ಹಿಂದೆ ಸರಿದ. ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಸಿಸ್ಟರ್! ಇಬ್ರಾ ಬೇಡ, ಇಬ್ರಾ ಬೇಡ!" ಎಂದು ಅರಬಿಯಲ್ಲಿ ಕೂಗಿದ. ಇಬ್ರಾ ಎಂದರೆ ಸೂಜಿ. ಚಿಕ್ಕವನಿದ್ದಾಗ ಜಹ್ರಾದಲ್ಲಿ ಸಿಸ್ಟರ್ ಕೈಯಲ್ಲಿ ಚುಚ್ಚಿಸಿಕೊಂಡವನಂತೆ. ಅವನ ಗೆಳೆಯರು ಕೆಸರಿನಲ್ಲೇ ಬಿದ್ದು ನಕ್ಕರು. ಅವನು ತಕ್ಷಣ ತಾಯಿಗೆ ವಿಡಿಯೊ ಕರೆ ಮಾಡಿದ. ಸಿಸ್ಟರ್ ಆ ತಾಯಿಯೊಂದಿಗೆ ಕುಶಲ ಮಾತಾಡುತ್ತಾ ನಿಂತಿರುವಾಗ ಈ ಕಡೆ ಶೆಟ್ಟರು ಹಗ್ಗ ಕಟ್ಟಿ ಗಾಡಿ ಎಳೆಯಬೇಕಾಯಿತು. ಅಂದು ಮಧ್ಯಾಹ್ನ ನಮಗೆಲ್ಲ ಆ ಹುಡುಗರ ಡೇರೆಯಲ್ಲಿ ಊಟ. ಹೊಗೆ ವಾಸನೆಯ ಅನ್ನ, ಮಾಂಸ, ಏಲಕ್ಕಿ ಹಾಕಿದ ಕಹಿ ಕಾಫಿ. ಶೆಟ್ಟರೇ ಎರಡು ಸಲ ಬಡಿಸಿಕೊಂಡರು.

ಇಷ್ಟೆಲ್ಲ ನಾನು ನೋಡಿದ್ದು ಪಕ್ಕದ ಸೀಟಿನಲ್ಲಿ ಕೂತು. ಆ ಹೊತ್ತಿಗೆ ನನಗೆ ಶರ್ಕ್‌ನಲ್ಲಿ ಕೆಲಸ ಸಿಕ್ಕಿತ್ತು. ಎರಡು ಸಲ ಫೇಲಾಗಿ ಲೈಸನ್ಸೂ ಪಡೆದಿದ್ದೆ. ಆದರೆ ನನ್ನ ಡ್ರೈವಿಂಗ್ ಎಂದರೆ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ. ಶನಿವಾರ ಗಾಡಿ ನನ್ನ ಗಂಡನದ್ದು. "ನೀನೂ ಒಂದು ಸಲ ಮರಳಲ್ಲಿ ಓಡಿಸಿ ನೋಡು" ಎಂದು ಸಿಸ್ಟರ್ ಆಗಾಗ ಹೇಳುವರು. ನಾನು ನಕ್ಕು ಮಾತು ತೇಲಿಸುತ್ತಿದ್ದೆ.

ಜನವರಿಯ ಒಂದು ಶನಿವಾರ. ಹಿಂದಿನ ವಾರ ಮಳೆಯಾಗಿ ನೆಲ ಗಟ್ಟಿಯಾಗಿತ್ತು. ಗಾಳಿ ತಣ್ಣಗಿತ್ತು. ಮರಳಿನಲ್ಲಿ ಹಿಡಿತ ಸಿಗಲೆಂದು ಟೈರುಗಳ ಗಾಳಿ ಇಳಿಸಿ, ನಾವು ಹಿಂದಿನಿಂದ ಸುತ್ತಿ ಮುತ್ಲಾದ ನೆತ್ತಿ ಹತ್ತಿದೆವು. ಊಟಕ್ಕೆ ಚಾಪೆ ಹಾಸುತ್ತಿದ್ದಾಗ ನನ್ನ ಗಂಡ ಡಿಕ್ಕಿಯಿಂದ ಐಸು ತುಂಬಿದ ಪೆಟ್ಟಿಗೆ ಎತ್ತಿದರು. ಎತ್ತಿದವರು ನೆಟ್ಟಗಾಗಲೇ ಇಲ್ಲ. ಕೈಯಲ್ಲಿ ಪೆಟ್ಟಿಗೆ ಹಿಡಿದು, ಬಗ್ಗಿದ ಹಾಗೆಯೇ, "ಅಮ್ಮಾ" ಎಂದರು.

ಸಿಸ್ಟರ್ ಓಡಿ ಬಂದು ಅವರನ್ನು ಚಾಪೆಯ ಮೇಲೆ ಮಲಗಿಸಿದರು. ಕಾಲ್ಬೆರಳು ಅಲ್ಲಾಡಿಸಲು ಹೇಳಿದರು, ಪಾದಕ್ಕೆ ಚಿವುಟಿದರು, ಬೆನ್ನನ್ನು ಒತ್ತಿ ಒತ್ತಿ ನೋಡಿದರು.

"ಮೂಳೆಗೆ ಎಂತ ಆಗ್ಲಿಲ್ಲ. ಸೊಂಟ ಹಿಡ್ಕೊಂಡಿದೆ ಅಷ್ಟೆ. ಆದ್ರೆ ಇವತ್ತು ಕ್ಲಚ್ಚು ಬ್ರೇಕು ಎಲ್ಲ ಖಲಾಸ್. ನನ್ನ ಗಾಡಿಯ ಹಿಂದಿನ ಸೀಟಲ್ಲಿ ಮಲಗ್ಲಿ."

ಮಾತ್ರೆ ಕೊಟ್ಟು, ನಾಲ್ಕು ಜನ ಸೇರಿ ಅವರನ್ನು ಎತ್ತಿ ಮಲಗಿಸಿದೆವು. ಆಗ ನಮ್ಮ ಗಾಡಿಯ ಪ್ರಶ್ನೆ ಬಂತು. ಹತ್ತಿ ಬಂದ ದಾರಿಯಲ್ಲಿ ಹಿಂದಿರುಗಿದರೆ ಕುಲುಕಾಟ ಹೆಚ್ಚು, ಹೊತ್ತೂ ಹೆಚ್ಚು. ಎದುರಿನ ಕಂದಕದ ದಾರಿ ಕಡಿದಾದರೂ ಹತ್ತಿರ, ಬೇಗ ಟಾರು ರಸ್ತೆ ಸಿಗುತ್ತದೆ. ನೋವಿನವರನ್ನು ಹತ್ತಿರದ ದಾರಿಯಲ್ಲೇ ಒಯ್ಯಬೇಕು ಎಂದರು ಸಿಸ್ಟರ್.

ಶೆಟ್ಟರು ಮುಂದೆ ಬಂದರು. "ಅಕ್ಕ, ಕೀ ಕೊಡಿ. ನಾನು ಮೊದ್ಲು ನನ್ನದ್ದು ಇಳಿಸ್ತೇನೆ, ಮತ್ತೆ ಮೇಲೆ ಬಂದು ನಿಮ್ಮದ್ದು."

ನಾನು ಕೀ ಚಾಚಿಯೇಬಿಟ್ಟಿದ್ದೆ. ಸಿಸ್ಟರ್ ನಡುವೆ ಕೈ ಅಡ್ಡ ಹಿಡಿದರು.

"ಯಾಕೆ? ಇವಳಿಗೆ ಲೈಸನ್ಸ್ ಇಲ್ವಾ?"

"ಸಿಸ್ಟರ್, ನನ್ನ ಕೈಲಾಗಲ್ಲ. ದಯವಿಟ್ಟು" ಎಂದೆ.

"ಬಾ ಇಲ್ಲಿ."

ನನ್ನ ಮಣಿಕಟ್ಟು ಹಿಡಿದು ಅಂಚಿಗೆ ಕರೆದುಕೊಂಡು ಹೋದರು. ಅವರ ಬೆರಳು ನನ್ನ ನಾಡಿಯ ಮೇಲಿತ್ತು. ಅದು ಎಷ್ಟು ಜೋರಾಗಿ ಬಡಿಯುತ್ತಿತ್ತೆಂಬುದು ಅವರಿಗೆ ಗೊತ್ತಾಗಿರಲೇಬೇಕು. ಇಬ್ಬರೂ ಕಂದಕದ ಕೆಳಗಿನವರೆಗೆ ನಡೆದೆವು. "ಇಲ್ಲಿ ಎಡದ ಚಕ್ರ ಬರ್ಬೇಕು. ಈ ಕಲ್ಲು ಬಲಕ್ಕೆ ಬಿಡ್ಬೇಕು. ಇಲ್ಲಿ ತಿರುವು, ಶ್ವಯ್ಯ ಶ್ವಯ್ಯ, ನಿಧಾನ." ಮತ್ತೆ ಮೇಲೆ ಹತ್ತುವಾಗ ಅದನ್ನೆಲ್ಲ ನನ್ನ ಬಾಯಿಂದ ಹೇಳಿಸಿದರು. ನಾನು ಎರಡು ಸಲ ತಪ್ಪಿದೆ. ಎರಡು ಸಲವೂ ನಿಂತು ಕಾದರು.

ಶೆಟ್ಟರು ಎಲ್ಲರಿಗಿಂತ ಮೊದಲು ಇಳಿದು ಕೆಳಗೆ ನಿಂತರು. ಅವರ ಹಿಂದೆ ಸಿಸ್ಟರ್ ಗಾಡಿ, ಅದರ ಹಿಂದೆ ನಾನು, ಒಬ್ಬಳೇ. ಮಡಿಲಲ್ಲಿ ವಾಕಿಟಾಕಿ. ಲೋ ಗೇರಿಗೆ ಹಾಕಿ, ಬ್ರೇಕಿನಿಂದ ಕಾಲು ತೆಗೆದರೆ ಗಾಡಿ ತಾನೇ ಗುರುಗುಡುತ್ತಾ ಇಳಿಯುತ್ತದೆ ಎಂದು ಹೇಳಿಕೊಟ್ಟಿದ್ದರು. ಅದರಂತೆ ಇಳಿಯಿತು ಕೂಡ. ಎದುರಿನ ಗಾಜಿನಲ್ಲಿ ಆಕಾಶ ಹೋಗಿ ಬರೀ ಮಣ್ಣು ಕಾಣತೊಡಗಿತು. ಸೀಟ್ ಬೆಲ್ಟು ಎದೆಯನ್ನು ಒತ್ತಿ ಹಿಡಿದಿತ್ತು.

ತಿರುವಿನ ಬಳಿ ಕಲ್ಲುಪುಡಿ ಜಾರಿತು. ನನ್ನ ಕಾಲು ತಾನಾಗಿ ಬ್ರೇಕನ್ನು ತುಳಿಯಿತು. ಗಾಡಿಯ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಸರಿಯಿತು, ಇನ್ನೂ ಸರಿಯಿತು, ನಿಂತಿತು. ದಾರಿಗೆ ಅಡ್ಡಲಾಗಿ ಓರೆಯಾಗಿ ನಿಂತಿದ್ದೆ. ಬಲಗಡೆಯ ಕಿಟಕಿಯಲ್ಲಿ ಕಂದಕದ ತಳ ಕಾಣುತ್ತಿತ್ತು.

ವಾಕಿಟಾಕಿಯಲ್ಲಿ ಮೊದಲು ಕೇಳಿದ್ದು ನನ್ನ ಗಂಡನ ಧ್ವನಿ. "ಹ್ಯಾಂಡ್ ಬ್ರೇಕ್ ಹಾಕು! ಇಲ್ಲ, ಬೇಡ, ಸ್ಟಿಯರಿಂಗ್..."

"ರಾಯ್ರೆ, ನೀವು ಪೇಷಂಟ್. ಬಾಯಿ ಮುಚ್ಚಿ ಮಲಗಿ" ಎಂದಿತು ಸಿಸ್ಟರ್ ಧ್ವನಿ. ಆಮೇಲೆ ಬಹಳ ಮೆಲ್ಲಗೆ, ನನಗೆ ಬಾರದ ಕೊಂಕಣಿಯಲ್ಲಿ: "ಭಿಯೆನಾಕಾ ಬಾಯೆ, ಭಿಯೆನಾಕಾ."

ಹೆದರಬೇಡ ಮಗಳೇ ಎಂಬುದನ್ನು ನನಗೆ ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ.

"ಈಗ ಕೇಳು. ಮೂತಿ ಎಲ್ಲಿಗೆ ಹೋಗ್ಬೇಕೋ ಆ ಕಡೆ ಸ್ಟಿಯರಿಂಗ್ ತಿರುಗಿಸು. ಆಯ್ತಾ? ಬ್ರೇಕ್ ಬಿಡು. ಬಿಟ್ಟ ಕೂಡ್ಲೆ ಆಕ್ಸಿಲರೇಟರ್ ಸ್ವಲ್ಪ, ಸ್ವಲ್ಪವೇ ಕೊಡು. ಅದು ತಾನೇ ನೆಟ್ಟಗಾಗ್ತದೆ."

ಜಾರುವ ಗಾಡಿಗೆ ಆಕ್ಸಿಲರೇಟರ್ ಕೊಡುವುದೆಂದರೆ! ನನ್ನ ಮೈಯ ಒಂದೊಂದು ನರವೂ ಬೇಡವೆಂದಿತು. ಆದರೂ ಬ್ರೇಕಿನಿಂದ ಕಾಲೆತ್ತಿದೆ. ಗಾಡಿ ಒಮ್ಮೆ ಜಾರಿತು. ಬೆರಳ ತುದಿಯಷ್ಟು ಆಕ್ಸಿಲರೇಟರ್ ಒತ್ತಿದೆ. ಮುಂದಿನ ಚಕ್ರಗಳು ನೆಲ ಕಚ್ಚಿದ್ದು ಅಂಗೈಗೆ ಗೊತ್ತಾಯಿತು. ಮೂತಿ ಮುಂದೆ ಬಂತು, ಹಿಂಭಾಗ ಅದರ ಹಿಂದೆ ಸಾಲಾಗಿ ಬಂತು, ತಿರುವು ಕಳೆಯಿತು. ಎಡಚಕ್ರದ ಜಾಗ, ಬಲಕ್ಕೆ ಬಿಡಬೇಕಾದ ಕಲ್ಲು, ಎಲ್ಲವೂ ಬಾಯಿಪಾಠದ ಸಾಲುಗಳ ಹಾಗೆ ಒಂದೊಂದಾಗಿ ಬಂದು ಹೋದವು. ಕೆಳಗಿನ ಸಮತಟ್ಟಿನಲ್ಲಿ ಶೆಟ್ಟರು ಟವೆಲು ಬೀಸುತ್ತಾ ಕುಣಿಯುತ್ತಿದ್ದರು.

ಸಿಸ್ಟರ್ ನನ್ನ ಗಾಡಿಯ ಬಳಿ ಬಂದರು. ಹೊಗಳಲಿಲ್ಲ. ಚಕ್ರಗಳನ್ನು ಸುತ್ತಿ ನೋಡಿ, "ಟೈರಿಗೆ ಗಾಳಿ ತುಂಬಿಸು, ಟಾರು ರಸ್ತೆಗೆ ಹೋಗ್ಲಿಕ್ಕುಂಟು" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಶೆಟ್ಟರು ಇಳಿಸ್ತೀನಿ ಅಂದಾಗ ಯಾಕೆ ಬೇಡ ಅಂದ್ರಿ? ನನಗೇನಾದ್ರೂ ಆಗಿದ್ರೆ?"

ಸಿಸ್ಟರ್ ನನ್ನ ಗಾಡಿಯ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ ಮರಳು ಕೊಡವಿದರು. ಆಮೇಲೆ ಹೇಳಿದರು.

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಯುದ್ಧದ ವರ್ಷ. ಅವರು ಕುವೈತಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಎಲ್ಲರೂ ಓಡಿಹೋಗುತ್ತಿದ್ದಾಗ ಇವರು ನಾಲ್ವರು ನರ್ಸುಗಳು ಆಸ್ಪತ್ರೆಯ ಉಗ್ರಾಣದ ಒಬ್ಬ ಹುಡುಗನ ಕಾರಿನಲ್ಲಿ ಇರಾಕಿನ ಮೂಲಕ ಜೋರ್ಡನ್ ಕಡೆಗೆ ಹೊರಟರು. ಊರಿಲ್ಲದ, ಮರವಿಲ್ಲದ ಕಡೆ ಹುಡುಗನಿಗೆ ಬಿಸಿಲು ತಲೆಗೇರಿ ಪ್ರಜ್ಞೆ ತಪ್ಪಿತು.

"ಕಾರು ಸರಿ ಉಂಟು. ಪೆಟ್ರೋಲ್ ಉಂಟು. ರಸ್ತೆ ನೇರ ಉಂಟು. ಕೀ ಅಲ್ಲೇ ನೇತಾಡ್ತಾ ಉಂಟು. ನಮಗೆ ನಾಲ್ವರಿಗೂ ಅದನ್ನು ತಿರುಗಿಸ್ಲಿಕ್ಕೆ ಬರುದಿಲ್ಲ. ಇದ್ದ ನೀರನ್ನೆಲ್ಲ ಅವನ ತಲೆಗೆ ಹಾಕಿ ಕೂತೆವು. ಬೆಳಿಗ್ಗೆಯಿಂದ ಸಂಜೆವರೆಗೆ ಕೂತೆವು ಮಾರಾಯ್ತಿ. ಸಂಜೆ ಒಬ್ಬ ಲಾರಿಯವ ನಿಲ್ಲಿಸಿದ. ಅವ ನಿಲ್ಲಿಸದಿದ್ರೆ ಇವ ಸಾಯ್ತಿದ್ದ, ನಾವೂ ಸಾಯ್ತಿದ್ದೆವು. ನೀನು ಇವತ್ತು ಕೀಯನ್ನು ಶೆಟ್ರ ಕೈಗೆ ಕೊಡ್ಲಿಕ್ಕೆ ಹೋದದ್ದು ನೋಡಿ ನನಗೆ ಆ ಕೀ ಕಂಡಿತು."

ನನ್ನ ಸಿಟ್ಟು ಎಲ್ಲಿ ಹೋಯಿತೋ. "ಆ ಹುಡುಗ? ಬದುಕಿದ್ನಾ?" ಎಂದು ಕೇಳಿದೆ.

ಕೆಳಗೆ ಮತ್ತೆ ಹಾಸಿದ ಚಾಪೆಯ ಮೇಲೆ ಕೂತು ಸನ್ನಾ ಬಿಡಿಸುತ್ತಿದ್ದ ಅಂಕಲ್ ಕೈಯೆತ್ತಿದರು. "ಬದುಕಿದ. ಕಣ್ಣು ಬಿಟ್ಟಾಗ ಇವಳು ಮುಖಕ್ಕೆ ನೀರು ಹೊಡೀತಾ ಇದ್ದಳು. ಹೆಸರು ಗೊತ್ತಿರ್ಲಿಲ್ಲ, ಸಿಸ್ಟರ್ ಅಂದೆ. ಅದೇ ಉಳೀತು."

ಶೆಟ್ಟರು ನಕ್ಕ ನಗೆಗೆ ಕಂದಕದಿಂದ ಮಾರ್ದನಿ ಬಂತು. ಗಾಡಿಯೊಳಗೆ ಮಲಗಿದ್ದ ನನ್ನ ಗಂಡ ನಕ್ಕು, ನೋವಾಗಿ ಕಿರುಚಿ, ಮತ್ತೆ ನಕ್ಕರು. ಜೋರ್ಡನ್ನಿನಿಂದ ಊರಿಗೆ ಹೋದ ಸಿಸ್ಟರ್ ಮಂಗಳೂರಿನಲ್ಲಿ ಮೊದಲು ಮಾಡಿದ ಕೆಲಸ ಡ್ರೈವಿಂಗ್ ಶಾಲೆಗೆ ಸೇರಿದ್ದು, ಎರಡನೆಯದು ಅಂಕಲ್ ಜೊತೆ ಮದುವೆ. ಯುದ್ಧ ಮುಗಿದ ಮೇಲೆ ಇಬ್ಬರೂ ಮರಳಿ ಬಂದರು. ಅಂದಿನಿಂದ ಅಂಕಲ್ ಸ್ಟಿಯರಿಂಗ್ ಮುಟ್ಟಿದವರಲ್ಲ.

ಆ ಶನಿವಾರದ ನಂತರ ನಮ್ಮ ಗಾಡಿಗೆ ಗುಡ್ಡದಲ್ಲಿ ನಾನೇ ಡ್ರೈವರು. ನನ್ನ ಗಂಡನ ಸೊಂಟ ಹದಿನೈದು ದಿನಕ್ಕೇ ಸರಿಹೋಗಿತ್ತು. ಆದರೂ ಶನಿವಾರ ಬೆಳಿಗ್ಗೆ ಅವರಿಗೆ ಅದು ಸ್ವಲ್ಪ ನೋಯುತ್ತಿತ್ತು. ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನುವ ಸುಖ ಕಂಡುಕೊಂಡಿದ್ದರು.

ನಿವೃತ್ತಿಯ ಕಾಗದ ಬಂದಾಗ ಸಿಸ್ಟರ್ ಅತ್ತಿದ್ದನ್ನು ನಾನು ನೋಡಲಿಲ್ಲ. ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಮುಗಿಯುವ ಮೊದಲು ಸಾಮಾನು ಕಟ್ಟಿದರು, ಪಾತ್ರೆಪಗಡಗಳನ್ನು ಕಟ್ಟಡದವರಿಗೆ ಹಂಚಿದರು, ಗಾಡಿಯನ್ನೂ ಮಾರಿದರು. ಹಾಗಾಗಿ ಅವರ ಕೊನೆಯ ಶನಿವಾರ ಅವರು ಹತ್ತಿದ್ದು ನಮ್ಮ ಗಾಡಿಗೆ, ನನ್ನ ಪಕ್ಕದ ಸೀಟಿಗೆ. ನನ್ನ ಗಂಡ ಮತ್ತು ಅಂಕಲ್ ಹಿಂದೆ.

ಹತ್ತುವಾಗ ಅವರು ಪಟ್ಟ ಪಾಡು ಹೇಳತೀರದು. ಇಲ್ಲದ ಬ್ರೇಕನ್ನು ತುಳಿದರು, ಇಲ್ಲದ ಗೇರನ್ನು ಹುಡುಕಿದರು. "ಎಡಕ್ಕೆ, ಎಡಕ್ಕೆ! ಹ್ಞಾಂ. ನೀನೇ ತಕೊಂಡಿ, ನಾನು ಮಾತಾಡುದಿಲ್ಲ. ಎಡಕ್ಕೆ ಮಾರಾಯ್ತಿ!" ನೆತ್ತಿಯಲ್ಲಿ ಅರ್ಫಜ್ ಗಿಡಗಳು ಹಳದಿ ಹೂ ಬಿಟ್ಟಿದ್ದವು. ಊಟ ಮಾಡಿದೆವು. ಶೆಟ್ಟರು ಭಾಷಣ ಮಾಡಲು ಎದ್ದು, ಎರಡು ಮಾತಾಡಿ, ಕೋಳಿ ಸುಕ್ಕ ಚೆನ್ನಾಗಿದೆ ಎಂದು ಹೇಳಿ ಕೂತರು.

ಇಳಿಯಲು ಶುರುಮಾಡಿದಾಗ ನನ್ನ ಗಾಡಿ ಮುಂದೆ. ಸಿಸ್ಟರ್ ಕಡೆಯಿಂದ ಮಾತಿಲ್ಲ. ಬೇಸರವಾಗಿರಬೇಕು ಎಂದುಕೊಂಡೆ, ದಾರಿಯಿಂದ ಕಣ್ಣು ಕೀಳಲಿಲ್ಲ. ಕಂದಕದ ನಡುವೆ ನೀರು ಹರಿದು ದಾರಿ ಎರಡಾಗಿ ಸೀಳಿತ್ತು. ವಾಕಿಟಾಕಿಯಲ್ಲಿ ಶೆಟ್ಟರು, "ಸಿಸ್ಟರ್, ಎಡವಾ ಬಲವಾ?" ಎಂದರು. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಸಿಸ್ಟರ್ ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಹೋಗಿದ್ದರು. ತಲೆ ಕಿಟಕಿಗೆ ತಾಗಿ ಅಲ್ಲಾಡುತ್ತಿತ್ತು. ಅಂಕಲ್ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದರು: "ಎಬ್ಬಿಸ್ಬೇಡಿ. ಗಾಡಿಯಲ್ಲಿ ಇವಳು ಮಲಗಿದ್ದನ್ನು ನಾನು ಇವತ್ತೇ ನೋಡಿದ್ದು."

ಗಾಡಿ ನಿಲ್ಲಿಸಿ, ಇಳಿದು, ಎರಡೂ ದಾರಿಗಳನ್ನು ನಡೆದು ನೋಡಿ ಬಂದೆ. "ಬಲಕ್ಕೆ. ನನ್ನ ಹಿಂದೆ ಬನ್ನಿ" ಎಂದೆ ಶೆಟ್ಟರಿಗೆ.

ಟಾರು ರಸ್ತೆಯ ಅಂಚಿಗೆ ಬಂದು ಎಂಜಿನ್ ಆರಿಸಿದಾಗ ಸಿಸ್ಟರಿಗೆ ಎಚ್ಚರವಾಯಿತು. ಸುತ್ತ ನೋಡಿದರು. ಹಿಂದಕ್ಕೆ ತಿರುಗಿ ಗುಡ್ಡವನ್ನು ನೋಡಿದರು. ಆಮೇಲೆ ನನ್ನ ಮೇಲೆ ಹರಿಹಾಯ್ದರು.

"ನನ್ನನ್ನು ಯಾಕೆ ಎಬ್ಬಿಸ್ಲಿಲ್ಲ? ಲಾಸ್ಟ್ ಸಲ ಇಳಿಯುದು ನಾನು ನೋಡ್ಬೇಕಿತ್ತು. ಎಂತ ಮಾರಾಯ್ತಿ ನೀನು, ಎಂತ ಮಾಡಿದ್ದು ನೀನು!" ಕಣ್ಣಲ್ಲಿ ನೀರೇ ಬಂದಿತ್ತು.

ನಾನು ಕೀ ತಿರುಗಿಸಿದೆ. ಗಾಡಿಯನ್ನು ಪೂರ್ತಿ ತಿರುಗಿಸಿ, ಶೆಟ್ಟರ ಗಾಡಿಯ ಪಕ್ಕದಿಂದ ಮರಳಿನ ಕಡೆಗೆ ಹೊರಟೆ. ಟೈರಿಗೆ ಗಾಳಿ ತುಂಬಿಸಲು ಇಳಿದಿದ್ದ ಶೆಟ್ಟರು ಕಂಗಾಲಾಗಿ ವಾಕಿಟಾಕಿ ಹಿಡಿದರು.

"ಅಕ್ಕ, ಎಲ್ಲಿಗೆ? ಮನೆ ಈ ಕಡೆ!"

"ಮೇಲಕ್ಕೆ" ಎಂದೆ. "ಸಿಸ್ಟರ್ ಇಳಿಯೋದನ್ನ ನೋಡ್ಬೇಕಂತೆ."

ಒಂದು ಕ್ಷಣ ವಾಕಿಟಾಕಿ ಗೊರಗೊರ ಎಂದಿತು. ಆಮೇಲೆ ಶೆಟ್ಟರ ಗಂಟಲು ಸಿಡಿಲಿನ ಹಾಗೆ ಕೇಳಿಸಿತು. "ಯಲ್ಲಾ! ಹೊರಡಿ!"

ಕನ್ನಡಿಯಲ್ಲಿ ನೋಡಿದರೆ ಎಲ್ಲ ಗಾಡಿಗಳೂ ಒಂದರ ಹಿಂದೊಂದು ಧೂಳೆಬ್ಬಿಸುತ್ತಾ ತಿರುಗುತ್ತಿದ್ದವು. ಸಿಸ್ಟರ್ ಸೆರಗಿಲ್ಲದ್ದಕ್ಕೆ ಕೈಯಿಂದಲೇ ಕಣ್ಣೊರೆಸಿಕೊಂಡು, ಸೀಟಿನ ತುದಿಗೆ ಬಂದು ಕೂತು, ಎರಡೂ ಕೈಗಳನ್ನು ಮುಂದಿನ ಹಲಗೆಯ ಮೇಲಿಟ್ಟರು.

"ಎಡಕ್ಕೆ" ಎಂದರು.